ವಿಲ್ಲಾ ಬುಕ್ ಮಾಡುವ ಮೊದಲು ಅಡುಗೆ ಯಾರದು ಅಂತ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಇಟಲಿ ಪ್ರವಾಸದ ಲೇಖನ ಓದಿದೆ. ಟಸ್ಕನಿಯ ಹಳ್ಳಿ ಕಡೆ ಹೋಗುವವರು ಹೋಟೆಲ್‌ಗೆ ದುಡ್ಡು ಸುರಿಯಬೇಡಿ, ಎಂಟ್ಹತ್ತು ಜನ ಸೇರಿ ಒಂದು ವಿಲ್ಲಾ ಹಿಡಿಯಿರಿ, ತಲಾ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ ಅಂತ ಅದರಲ್ಲಿತ್ತು. ನಾನು ಸಿಯೆನಾ ಹತ್ತಿರ ನೆಲೆಸಿರುವವಳು. ಬೇಸಿಗೆ ರಜೆ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯ ನೆಂಟರು, ಅವರ ಸ್ನೇಹಿತರು ಫೋನ್ ಮಾಡಿ ಕೇಳುವುದು ಇದನ್ನೇ. ಲೇಖನದವರು ಹಾಕಿದ್ದು ಬರೀ ಬಾಡಿಗೆಯ ಲೆಕ್ಕ. ಆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಕಾರು ಯಾರು ಓಡಿಸುತ್ತಾರೆ ಅನ್ನುವ ಮಾತೇ ಇಲ್ಲ. ವಿಲ್ಲಾನೋ ಹೋಟೆಲ್ಲೋ ಅಂತ ತೀರ್ಮಾನ ಮಾಡಬೇಕಾದ್ದು ಈ ಎರಡನ್ನು ನೋಡಿಕೊಂಡು.

ನಮ್ಮ ಚಿಕ್ಕಮ್ಮನ ಮನೆಯವರು ಪಿಯೆಂಜಾ ಹತ್ತಿರ ವಿಲ್ಲಾ ಹಿಡಿದಿದ್ದರು. ಜಾಗ ಬಹಳ ಚೆಂದ. ಸೈಪ್ರೆಸ್ ಮರಗಳ ಸಾಲು, ಬಿಳಿ ಜಲ್ಲಿಯ ದಾರಿ, ಎದುರಿಗೇ ವಾಲ್ ದೋರ್ಚಾ ಕಣಿವೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರದೇಶ ಅದು. ನಾನು ಹೋದಾಗ ಮಧ್ಯಾಹ್ನದ ಹೊತ್ತು. ಚಿಕ್ಕಪ್ಪ, ಮಕ್ಕಳು, ಅಳಿಯ ಎಲ್ಲ ಈಜುಕೊಳದಲ್ಲಿ. ಚಿಕ್ಕಮ್ಮ ಮಾತ್ರ ಅಡುಗೆಮನೆಯಲ್ಲಿ. ಕುಕ್ಕರ್ ಇರಲಿಲ್ಲ, ಪಾಸ್ತಾ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟುಕೊಂಡು, ಅದು ಬೇಯಲಿ ಅಂತ ಮುಕ್ಕಾಲು ಗಂಟೆಯಿಂದ ಸೌಟು ಹಿಡಿದು ನಿಂತಿದ್ದರು. ಇಂಡಕ್ಷನ್ ಒಲೆ, ಓವನ್, ವಾಷಿಂಗ್ ಮಷಿನ್ ಮೂರೂ ಒಟ್ಟಿಗೆ ಓಡುತ್ತಿದ್ದವು, ಕರೆಂಟ್ ಹೋಯಿತು. ಇಲ್ಲಿ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವಾಟ್ ಸಂಪರ್ಕ, ಅದಕ್ಕಿಂತ ಜಾಸ್ತಿ ಎಳೆದರೆ ಮೀಟರೇ ಕಟ್ ಆಗುತ್ತದೆ. ಮೀಟರ್ ಪೆಟ್ಟಿಗೆ ಇದ್ದದ್ದು ಗೇಟಿನ ಪಕ್ಕ. ಆ ಬಿಸಿಲಲ್ಲಿ ಅಲ್ಲಿವರೆಗೆ ನಡೆದು ಸ್ವಿಚ್ ಎತ್ತಿ ಬಂದವರೂ ಚಿಕ್ಕಮ್ಮನೇ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ, ನಡುವೆ ಎಲ್ಲರಿಗೂ ಕಾಫಿ. ಆ ವಾರ ಅವರಿಗೂ ರಜೆ ಇತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹೊರಗೆ ತಿಂದರಾಯ್ತು ಅಂತ ಹೇಳುತ್ತಾರೆ. ವಿಲ್ಲಾ ಇರುವುದು ಗುಡ್ಡದ ಮೇಲೆ, ಸುತ್ತ ಹೊಲ. ಊಟದ ಜಾಗ ಬೇಕೆಂದರೆ ಕಾರು ತೆಗೆಯಲೇಬೇಕು. ಹಳ್ಳಿಯ ಊಟದ ಹೋಟೆಲ್‌ಗಳಲ್ಲಿ ರಾತ್ರಿ ಏಳೂವರೆಗೆ ಮೊದಲು ಊಟ ಸಿಗುವುದು ಕಷ್ಟ, ವಾರಕ್ಕೊಂದು ದಿನ ಬಾಗಿಲು ಹಾಕಿರುತ್ತಾರೆ, ಸಣ್ಣ ಅಂಗಡಿಗಳು ಮಧ್ಯಾಹ್ನ ಮೂರ್ನಾಲ್ಕು ಗಂಟೆ ಮುಚ್ಚಿರುತ್ತವೆ. ದಿನಾ ಹೊರಗೇ ತಿನ್ನುವುದಾದರೆ ಅಡುಗೆಮನೆಗೆ ಬಾಡಿಗೆ ಕೊಟ್ಟು ಏನು ಉಳಿಸಿದ ಹಾಗಾಯಿತು?

ಇನ್ನು ಕಾರು. ನಮ್ಮ ಲೈಸೆನ್ಸ್ ಒಂದೇ ಸಾಲದು, ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಬರಬೇಕು. ಇಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಆಟೋಮ್ಯಾಟಿಕ್ ಗೇರ್ ಕಾರಿಗೆ ಬಾಡಿಗೆ ಜಾಸ್ತಿ. ಫ್ಲಾರೆನ್ಸ್, ಸಿಯೆನಾದಂಥ ಊರುಗಳ ಹಳೇ ಪೇಟೆಯೊಳಗೆ ಝಡ್‌ಟಿಎಲ್ ಅಂತ ವಾಹನ ನಿರ್ಬಂಧದ ವಲಯ ಇದೆ. ಯಾರೂ ಅಡ್ಡಗಟ್ಟುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ಎಷ್ಟೋ ತಿಂಗಳ ಮೇಲೆ ದಂಡದ ಚೀಟಿ ಬೆಂಗಳೂರಿನ ಮನೆಗೆ ಬರುತ್ತದೆ. ಮನೆಯಲ್ಲಿ ಒಬ್ಬರಿಗೇ ಡ್ರೈವಿಂಗ್ ಬರುವುದಾದರೆ ಅವರ ರಜೆಯೂ ಸ್ಟೀರಿಂಗ್ ಹಿಂದೆಯೇ ಮುಗಿಯುತ್ತದೆ.

ಬಾಡಿಗೆಯ ಮೇಲೆ ಬೀಳುವ ಖರ್ಚೂ ಇದೆ. ಕೊನೆಯ ದಿನದ ಕ್ಲೀನಿಂಗ್ ಚಾರ್ಜ್, ಡೆಪಾಸಿಟ್, ತಲೆಗಿಷ್ಟು ರಾತ್ರಿಗಿಷ್ಟು ಅಂತ ಊರಿನವರು ಹಾಕುವ ಪ್ರವಾಸಿ ತೆರಿಗೆ, ಕೆಲವು ಕಡೆ ಎಸಿ, ಹೀಟರ್‌ಗೆ ಬೇರೆ ಬಿಲ್. ಬೇಸಿಗೆಯಲ್ಲಿ ಎಷ್ಟೋ ವಿಲ್ಲಾಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ. ನಮ್ಮವರಿಗೆ ಇನ್ನೊಂದು ತಾಪತ್ರಯ, ವೀಸಾ. ಅರ್ಜಿ ಹಾಕುವಾಗಲೇ ಉಳಿದುಕೊಳ್ಳುವ ಜಾಗ ತೋರಿಸಬೇಕು. ಹೋಟೆಲ್ ಆದರೆ ಕ್ಯಾನ್ಸಲ್ ಮಾಡಬಹುದಾದ ಬುಕಿಂಗ್ ಸುಲಭವಾಗಿ ಸಿಗುತ್ತದೆ. ವಿಲ್ಲಾದ ಮುಂಗಡ ಹಲವು ಕಡೆ ವಾಪಸ್ ಬರುವುದಿಲ್ಲ. ವೀಸಾ ಸಿಗದಿದ್ದರೆ ಹತ್ತು ಜನರ ದುಡ್ಡು ಹೋಯಿತು ಅಂತಲೇ, ಅಲ್ವಾ?

ಲೇಖನದಲ್ಲಿ ಆಗ್ರಿತುರಿಸ್ಮೊ ಬಗ್ಗೆ ಒಂದು ಸಾಲೂ ಇಲ್ಲದ್ದು ನನಗೆ ತುಂಬಾ ಬೇಸರ ತಂದಿತು. ರೈತರು ತಮ್ಮ ತೋಟದ ಮನೆಯಲ್ಲೇ ಉಳಿಸಿಕೊಂಡು ಊಟ ಹಾಕುವ ವ್ಯವಸ್ಥೆ ಇದು. 1985ರಿಂದ ಇದಕ್ಕೇ ರಾಷ್ಟ್ರಮಟ್ಟದ ಕಾನೂನಿದೆ, ಈಗ ನಡೆಯುತ್ತಿರುವುದು 2006ರ ಕಾನೂನು. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಬಡಿಸುವುದರಲ್ಲಿ ಸ್ವಂತ ತೋಟದ್ದೂ ಇರಬೇಕು ಅನ್ನುತ್ತದೆ ಅದು. ಸಸ್ಯಾಹಾರಿಗಳು ಅಂತ ಮೊದಲೇ ಬರೆದು ತಿಳಿಸಿದರೆ ಎಷ್ಟೋ ಮನೆಯವರು ಪ್ರೀತಿಯಿಂದ ಮಾಡಿ ಹಾಕುತ್ತಾರೆ. ಬೆಳ್ಳುಳ್ಳಿ, ಟೊಮ್ಯಾಟೊ ಸಾಸಿನ ದಪ್ಪ ಪಿಚಿ ಪಾಸ್ತಾ, ಹಳೇ ಬ್ರೆಡ್ಡು, ಬೀನ್ಸು, ಸೊಪ್ಪು ಹಾಕಿ ಕುದಿಸಿದ ರಿಬೊಲ್ಲಿತಾ, ಮೇಲೆ ಅವರದೇ ಆಲಿವ್ ಎಣ್ಣೆ. ಇಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅದು ಈ ಕಡೆಯ ಪದ್ಧತಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಪರ್ಮಿಜಾನೊ ಚೀಸ್ ಬೇಡ ಅಂತ ಹೇಳಬೇಕು, ಅದರಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ಕಾರು ಬೇಡ ಅನ್ನುವವರಿಗೆ ರೈಲು ಹೋಗುವ ಸಣ್ಣ ಊರಿನ ಹೋಟೆಲ್ಲೇ ಸರಿ. ಓರ್ವಿಯೆತೊ ರೋಮ್–ಫ್ಲಾರೆನ್ಸ್ ದಾರಿಯಲ್ಲೇ ಇದೆ, ಸ್ಟೇಷನ್ನಿಂದ ಗುಡ್ಡದ ಮೇಲಿನ ಊರಿಗೆ ಹಳಿ ಮೇಲೆ ಹತ್ತುವ ಬಂಡಿ ಇದೆ. ಲುಕ್ಕಾ ಸಮತಟ್ಟು, ಕೋಟೆ ಗೋಡೆಯ ಮೇಲೆ 4 ಕಿಲೋಮೀಟರ್‌ಗಿಂತ ತುಸು ಜಾಸ್ತಿ ಸುತ್ತು ಹಾಕಬಹುದು, ವಯಸ್ಸಾದವರಿಗೂ ಕಷ್ಟವಿಲ್ಲ. ರಾತ್ರಿ ಜ್ವರ ಬಂದರೆ ಕೇಳಲು ರಿಸೆಪ್ಷನ್‌ನಲ್ಲಿ ಒಬ್ಬರು ಸಿಗುತ್ತಾರೆ. ಹಾಸಿಗೆ ಸರಿಮಾಡುವ ಕೆಲಸ ಅಮ್ಮನ ಮೇಲೆ ಬೀಳುವುದಿಲ್ಲ.

ವಿಲ್ಲಾ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪುಟ್ಟ ಮಕ್ಕಳಿದ್ದರೆ, ಕಾರು ಓಡಿಸಲು ಇಬ್ಬರಿದ್ದರೆ, ಅಡುಗೆ ಪಾತ್ರೆ ಸರದಿ ಮೇಲೆ ಅಂತ ಟಿಕೆಟ್ ತೆಗೆಯುವ ಮೊದಲೇ ಗಂಡಸರೂ ಒಪ್ಪಿದ್ದರೆ ಧಾರಾಳವಾಗಿ ಹಿಡಿಯಿರಿ. ಒಂದೆರಡು ರಾತ್ರಿ ಊರಿನ ಅಡುಗೆಯವರನ್ನು ಕರೆಸಿಕೊಡುತ್ತೀರಾ ಅಂತ ಮಾಲೀಕರನ್ನು ಕೇಳಿ, ಎಷ್ಟೋ ಜನ ಕರೆಸಿಕೊಡುತ್ತಾರೆ.

ಕೊನೆಗೆ ನಿಮ್ಮಲ್ಲೊಂದು ವಿನಂತಿ. ಬರೀ ಚೆಂದದ ಫೋಟೋ ನೋಡಿ ಮುಂಗಡ ಕಳಿಸಿ ಮೋಸ ಹೋಗುವವರಿದ್ದಾರೆ. 2025ರ ಜನವರಿ 1ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗೆ ಸಿಐಎನ್ ಅನ್ನುವ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ, ಜಾಹೀರಾತಿನಲ್ಲೂ ಅದನ್ನು ಹಾಕಲೇಬೇಕು. ಆ ಸಂಖ್ಯೆ ಕಾಣದಿದ್ದರೆ ದುಡ್ಡು ಕಳಿಸಬೇಡಿ ಅಂತ ಮುಂದಿನ ಪುರವಣಿಯಲ್ಲಿ ದಯವಿಟ್ಟು ಎದ್ದು ಕಾಣುವ ಹಾಗೆ ಹಾಕಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಸಿಯೆನಾ, ಇಟಲಿ