ಸೂಚಕ ದೀಪ ಹೇಳಬೇಕಾದದ್ದು ಹಳಿಯ ಸ್ಥಿತಿಯನ್ನು

ಮಾನ್ಯ ಸಂಪಾದಕರೇ,

ಮಾದರಿ ರೈಲುಗಳ ಕಂಟ್ರೋಲ್ ಪ್ಯಾನೆಲ್‌ಗೆ ಹಳಿಯ ಕವಲುಗಳನ್ನು ತಿರುಗಿಸುವ ಸ್ವಿಚ್‌ಗಳನ್ನೂ ಸೂಚಕ ದೀಪಗಳನ್ನೂ ಜೋಡಿಸುವ ಬಗೆಯನ್ನು ಕುರಿತು ತಮ್ಮ ವಿಜ್ಞಾನ ಪುರವಣಿಯಲ್ಲಿ ಬಂದ ಲೇಖನ, ಈ ಹವ್ಯಾಸಕ್ಕೆ ಹೊಸದಾಗಿ ಕೈಹಾಕುವವರಿಗೆ ಖಂಡಿತ ಉಪಯುಕ್ತವಾಗಿದೆ. ಆದರೆ ಅದರ ಜೊತೆಗಿದ್ದ ವೈರಿಂಗ್ ಚಿತ್ರದಲ್ಲಿ ಹಸಿರು ಮತ್ತು ಕೆಂಪು ಎಲ್‌ಇಡಿಗಳಿಗೆ ಪ್ಯಾನೆಲ್ ಮೇಲಿನ ಟಾಗಲ್ ಸ್ವಿಚ್ಚಿನಿಂದಲೇ ವಿದ್ಯುತ್ ಕೊಡಲಾಗಿದೆ. ಹೀಗೆ ಜೋಡಿಸಿದ ದೀಪ ಸ್ವಿಚ್ಚಿನ ಹಿಡಿ ಯಾವ ಕಡೆಗಿದೆ ಎಂಬುದನ್ನಷ್ಟೇ ಹೇಳುತ್ತದೆ, ಹಳಿ ಎತ್ತ ತಿರುಗಿದೆ ಎಂಬುದನ್ನಲ್ಲ. ಹಿಡಿ ಹೇಗೂ ಕಣ್ಣೆದುರಿಗೇ ಇರುವಾಗ ಅದರ ಸ್ಥಿತಿಯನ್ನು ಹೇಳಲು ಇನ್ನೊಂದು ದೀಪ ಏಕೆ?

ಹಳಿ ಕವಲೊಡೆಯುವಲ್ಲಿ ಅತ್ತಿತ್ತ ಸರಿಯುವ ಅಲಗುಗಳ ನಡುವೆ ಜಲ್ಲಿಯ ಒಂದು ಸಣ್ಣ ಹರಳು ಸಿಕ್ಕಿಕೊಂಡರೂ ಸಾಕು, ಅಲಗು ಪಕ್ಕದ ಹಳಿಗೆ ಪೂರ್ತಿ ಕೂಡಿಕೊಳ್ಳದೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಅದನ್ನು ನಂಬಿ ಬಿಟ್ಟ ಗಾಡಿಯ ಮೊದಲ ಚಕ್ರ ಆ ಸಂದಿಗೆ ಇಳಿದು ಹಳಿ ತಪ್ಪುತ್ತದೆ. ನಿಜವಾದ ರೈಲ್ವೆಯಲ್ಲಿ ಅಲಗುಗಳು ಸರಿಯಾಗಿ ಕೂತಿವೆಯೆಂಬ ಖಾತರಿಯನ್ನು ಹಳಿಯ ಬಳಿಯ ಕಾಂಟ್ಯಾಕ್ಟುಗಳೇ ಕೊಡುವವರೆಗೆ ಗಾಡಿಗೆ ಸಿಗ್ನಲ್ ಸಿಗದಂತೆ ವ್ಯವಸ್ಥೆ ಇರುವುದು ಈ ಕಾರಣಕ್ಕಾಗಿಯೇ. ಮಾದರಿಯಲ್ಲಿ ಜೀವಾಪಾಯವಿಲ್ಲ, ನಿಜ. ಆದರೂ ಅಷ್ಟು ಶ್ರದ್ಧೆಯಿಂದ ಕಟ್ಟಿದ ಪ್ಯಾನೆಲ್ ಸುಳ್ಳು ಹೇಳಬಾರದು.

ಅಲಗುಗಳನ್ನು ಸರಿಸಲು ಯಾವ ಬಗೆಯ ಮೋಟರು ಇದೆ ಎಂಬುದರ ಮೇಲೆ ವೈರಿಂಗ್ ನಿರ್ಧಾರವಾಗುತ್ತದೆ. ಲೇಖನ ಇದನ್ನೂ ಬಿಡಿಸಿ ಹೇಳಬೇಕಿತ್ತು. ಎರಡು ಕಾಯಿಲ್‌ಗಳ ಸೊಲೆನಾಯ್ಡ್ (ವಿದ್ಯುತ್ಕಾಂತದ ಸೆಳೆತದಿಂದ ಅಲಗನ್ನು ಥಟ್ಟನೆ ಸರಿಸುವ) ಮೋಟರಿಗೆ ಕ್ಷಣಮಾತ್ರದ ವಿದ್ಯುತ್ ಸಾಕು. ಸಾಮಾನ್ಯ ಟಾಗಲ್ ಹಾಕಿ ವಿದ್ಯುತ್ ಹರಿಯುತ್ತಲೇ ಇರುವಂತೆ ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಆದ್ದರಿಂದ ಪುಶ್ ಬಟನ್ ಅಥವಾ ಕೈಬಿಟ್ಟೊಡನೆ ನಡುವಿಗೆ ಮರಳುವ ಟಾಗಲ್ ಬೇಕು. ನಡುವಿಗೆ ಮರಳಿದ ಸ್ವಿಚ್ಚಿನಲ್ಲಿ ದೀಪವನ್ನು ಉರಿಸಿಡುವ ಕಾಂಟ್ಯಾಕ್ಟೇ ಇರುವುದಿಲ್ಲವಾದ್ದರಿಂದ ಇಲ್ಲಿ ಲೇಖನದ ಚಿತ್ರ ಕೆಲಸಕ್ಕೇ ಬರುವುದಿಲ್ಲ. ಟಾರ್ಟಾಯ್ಸ್ ಎಂಬ ಬ್ರಾಂಡಿನಂಥ ನಿಧಾನ ಚಲನೆಯ ಮೋಟರಾದರೆ ವಿಷಯ ಬೇರೆ. ಅದಕ್ಕೆ 12 ವೋಲ್ಟ್ ಡಿಸಿ ಸದಾ ಇರಬಹುದು, ದಿಕ್ಕು ಬದಲಿಸಲು ಎರಡು ವೈರುಗಳನ್ನು ಒಟ್ಟಿಗೇ ಆ ಕಡೆ ಈ ಕಡೆ ಬದಲಿಸುವ, ಆರು ಕಾಲಿನ ಡಿಪಿಡಿಟಿ ಸ್ವಿಚ್ಚಿನ ಮೂಲೆಗಳನ್ನು ಅಡ್ಡಡ್ಡ ವೈರಿನಿಂದ ಬೆಸೆದು ಧ್ರುವ ತಿರುಗಿಸಿದರಾಯಿತು. ಅದು ತುದಿ ಮುಟ್ಟಿ ನಿಂತಾಗಲೂ ಎಳೆಯುವುದು ಸುಮಾರು 15 ಮಿಲಿಆಂಪಿಯರ್ ಮಾತ್ರ. ಹಾಗಾಗಿ ಎರಡು ಎಲ್‌ಇಡಿಗಳನ್ನು ತಿರುವುಮುರುವಾಗಿ ಜೋಡಿಸಿ ಮೋಟರಿನ ವೈರಿನ ನಡುವೆಯೇ ಸೇರಿಸುವವರಿದ್ದಾರೆ. ಬೇರೆ ರೆಸಿಸ್ಟರ್ ಬೇಡ, ವೈರು ಕಡಿದರೆ ದೀಪವೂ ಆರುತ್ತದೆ ಎಂಬುದು ಇದರ ಅನುಕೂಲ. ಆದರೆ ಇದೂ ವಿದ್ಯುತ್ತಿನ ದಿಕ್ಕನ್ನು ತೋರಿಸುತ್ತದೆಯೇ ಹೊರತು ಅಲಗನ್ನಲ್ಲ.

ಆ ಮೋಟರಿನೊಳಗೆ ಎರಡು ಜೊತೆ ಹೆಚ್ಚುವರಿ ಕಾಂಟ್ಯಾಕ್ಟುಗಳಿರುತ್ತವೆ. ಒಂದನ್ನು ಫ್ರಾಗಿಗೆ (ಕವಲಿನಲ್ಲಿ ಎರಡು ಹಳಿಗಳು ಒಂದನ್ನೊಂದು ದಾಟುವ ಜಾಗಕ್ಕೆ) ವಿದ್ಯುತ್ ಕೊಡಲು ಬಳಸಿದರೂ ಇನ್ನೊಂದು ದೀಪಕ್ಕೆ ಉಳಿಯುತ್ತದೆ. ಮೋಟರು ತಿರುಗಿದ್ದು ಇದರಿಂದ ಖಚಿತವಾಗುತ್ತದೆ. ಆದರೆ ಮೋಟರನ್ನು ಅಲಗಿಗೆ ಸೇರಿಸುವ ಸ್ಪ್ರಿಂಗ್ ತಂತಿ ಬಾಗಿ ಅಲಗು ಅಲ್ಲೇ ಉಳಿದಿದ್ದರೆ ಅದೂ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೆಂದರೆ, ಅಲಗುಗಳನ್ನು ಸರಿಸುವ ಅಡ್ಡಪಟ್ಟಿಯ ಎರಡೂ ತುದಿಗಳಲ್ಲಿ ಹಗುರವಾಗಿ ಒತ್ತಿಕೊಳ್ಳುವ ಒಂದೊಂದು ಮೈಕ್ರೋಸ್ವಿಚ್ ಕೂರಿಸಿ, ಚಲನೆಯ ಕೊಟ್ಟಕೊನೆಯಲ್ಲಷ್ಟೇ ಅದು ಟಿಕ್ಕೆನ್ನುವಂತೆ ಹೊಂದಿಸಿ, ದೀಪಗಳಿಗೆ ಅವುಗಳ ಮೂಲಕವೇ ವಿದ್ಯುತ್ ಕೊಡುವುದು. ಆಗ ಎರಡೂ ದೀಪ ಆರಿದ್ದರೆ ಅಲಗು ನಡುವೆಯೇ ನಿಂತಿದೆ, ಗಾಡಿ ಬಿಡಬಾರದು ಎಂದು ದೂರದಿಂದಲೇ ತಿಳಿಯುತ್ತದೆ.

ದೀಪಗಳ ಲೆಕ್ಕ ಸುಲಭ. 12 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುವುದರಿಂದ 1 ಕಿಲೋಓಮ್ ರೆಸಿಸ್ಟರ್ ಹಾಕಿದರೆ 10 ಮಿಲಿಆಂಪಿಯರ್ ಹರಿಯುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಆದರೆ ಟ್ರಾನ್ಸ್‌ಫಾರ್ಮರಿನ 16 ವೋಲ್ಟ್ ಎಸಿಯಿಂದ ದೀಪ ಉರಿಸುವವರು ಎಚ್ಚರವಹಿಸಬೇಕು. ಅದರ ಶಿಖರ 22 ವೋಲ್ಟ್ ದಾಟುತ್ತದೆ, ಎಲ್‌ಇಡಿಗಳು ವಿದ್ಯುತ್ ಉಲ್ಟಾ ದಿಕ್ಕಿನಲ್ಲಿ ಬಂದಾಗ ತಾಳಿಕೊಳ್ಳುವುದು ಸಾಮಾನ್ಯವಾಗಿ 5 ವೋಲ್ಟ್ ಮಾತ್ರ. ಪ್ರತಿ ಎಲ್‌ಇಡಿಗೂ ವಿರುದ್ಧ ದಿಕ್ಕಿನಲ್ಲಿ, ಅದಕ್ಕೆ ಸಮಾಂತರವಾಗಿ ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಬಿಡಿಭಾಗ) ಸೇರಿಸುವುದು ಅಗತ್ಯ, ರೆಸಿಸ್ಟರನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು.

ಮುಂದಿನ ಪುರವಣಿಯಲ್ಲಿ ಮೈಕ್ರೋಸ್ವಿಚ್ ಸಹಿತ ತಿದ್ದಿದ ಚಿತ್ರವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಅದರೊಡನೆ ಈ ಪರೀಕ್ಷೆಯನ್ನೂ ಸೇರಿಸಿದರೆ ಒಳ್ಳೆಯದು: ಅಲಗು ಮತ್ತು ಹಳಿಯ ನಡುವೆ ದಪ್ಪ ರಟ್ಟಿನ ಚೂರೊಂದನ್ನಿಟ್ಟು ಸ್ವಿಚ್ ಹಾಕಿದಾಗ ಹಸಿರು ದೀಪ ಉರಿಯಕೂಡದು, ಉರಿದರೆ ಮೈಕ್ರೋಸ್ವಿಚ್ಚಿನ ಸ್ಕ್ರೂ ಸಡಿಲಿಸಿ ಮತ್ತೆ ಹೊಂದಿಸಬೇಕು.

ಇತಿ ತಮ್ಮ ವಿಶ್ವಾಸಿ,
ಮಾದರಿ ರೈಲು ಹವ್ಯಾಸಿ ಓದುಗ