ಒಂಬತ್ತನೇ ಅಧ್ಯಾಯದ ಕುರಿತು: ಹತ್ತನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಹತ್ತನೇ ತರಗತಿಯ ಇಂಗ್ಲಿಷ್ ಪಾಠಕ್ಕೆ ಆಯ್ದುಕೊಂಡಿರುವ ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯ ವಿಚಾರವಾಗಿ ನಿಮ್ಮಲ್ಲಿ ಕೆಲವರು ಬರೆದ ಪತ್ರಗಳನ್ನು ಗಮನವಿಟ್ಟು ಓದಿದ್ದೇನೆ. ಪುಸ್ತಕವನ್ನೇ ಕೈಬಿಡಿ ಎಂದು ಯಾರೂ ಕೇಳಿಲ್ಲ. ನಾಯಕತ್ವವನ್ನೂ ಸಂಕೇತಗಳನ್ನೂ ಧಾರಾಳವಾಗಿ ಕಲಿಸಿ, ಆದರೆ ಸೈಮನ್ ಎಂಬ ಹುಡುಗನನ್ನು ಜೊತೆಗಾರರೇ ಸೇರಿ ಕೊಲ್ಲುವ ಒಂಬತ್ತನೇ ಅಧ್ಯಾಯವೊಂದನ್ನು ಬಿಟ್ಟುಬಿಡಿ ಎಂಬುದು ನಿಮ್ಮ ಕೋರಿಕೆ. ಹೆತ್ತವರ ಕಾಳಜಿಯಿಂದ ಬಂದ ಈ ಮಾತನ್ನು ನಾನು ಗೌರವಿಸುತ್ತೇನೆ. ಆದರೂ ಆ ಅಧ್ಯಾಯವನ್ನು ನಾವು ಬಿಡುವುದಿಲ್ಲ. ಅದಕ್ಕೆ ಕಾರಣ ತಿಳಿಸುವುದು ನನ್ನ ಕರ್ತವ್ಯ.

ಈ ಕಾದಂಬರಿ 1954ರಲ್ಲಿ ಪ್ರಕಟವಾಯಿತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದು ಬಂದಿದ್ದ ಗೋಲ್ಡಿಂಗ್ ಆಗ ಶಾಲಾ ಶಿಕ್ಷಕರಾಗಿದ್ದರು. ಹುಡುಗರನ್ನು ದಿನವೂ ಹತ್ತಿರದಿಂದ ಕಂಡವರ ಬರವಣಿಗೆ ಇದು ಎಂಬುದು ಓದುವಾಗ ಗೊತ್ತಾಗುತ್ತದೆ.

ವಿಮಾನ ಬಿದ್ದು, ದೊಡ್ಡವರೇ ಇಲ್ಲದ ದ್ವೀಪದಲ್ಲಿ ಸಿಲುಕಿದ ಹುಡುಗರು ಮಾಡುವ ಮೊದಲ ಕೆಲಸ ಚುನಾವಣೆ. ಗಾಯಕರ ತಂಡದ ಮುಖ್ಯಸ್ಥನಾದ ಜ್ಯಾಕ್ ನಾಯಕತ್ವ ತನಗೇ ಸೇರಬೇಕೆನ್ನುತ್ತಾನೆ. ಉಳಿದವರು ಶಂಖ ಹಿಡಿದು ಕುಳಿತ ರಾಲ್ಫ್‌ನನ್ನು ಆರಿಸುತ್ತಾರೆ. ಶಂಖ ಕೈಯಲ್ಲಿದ್ದವನು ಮಾತನಾಡಬೇಕು, ಉಳಿದವರು ಕೇಳಬೇಕು ಎಂಬ ನಿಯಮವೂ ಆಗುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ, ಶಂಖ ಹಿಡಿದ ಪಿಗ್ಗಿ ಎಂಬ ಹುಡುಗ ಬಾಯಿ ತೆರೆದಾಗ, ಬೆಟ್ಟದ ಮೇಲೆ ಆ ನಿಯಮ ನಡೆಯುವುದಿಲ್ಲವೆಂದು ಜ್ಯಾಕ್ ಅವನ ಬಾಯಿ ಮುಚ್ಚಿಸುತ್ತಾನೆ. ನಾಗರಿಕತೆ ಕುಸಿಯುವುದು ಇಂಥ ಚಿಕ್ಕ ವಿನಾಯಿತಿಗಳಿಂದಲೇ. ಮುಂದೆ ರೋಜರ್ ಎಂಬ ಹುಡುಗ ಪುಟ್ಟ ಹೆನ್ರಿಯತ್ತ ಕಲ್ಲೆಸೆಯುತ್ತಾನೆ, ಆದರೆ ತಾಗದ ಹಾಗೆ, ಸುತ್ತ ಒಂದಿಷ್ಟು ಜಾಗ ಬಿಟ್ಟು. ತಂದೆತಾಯಿ, ಶಾಲೆ, ಪೊಲೀಸರು, ಕಾನೂನು ಇನ್ನೂ ಅವನ ತೋಳನ್ನು ಹಿಡಿದಿಟ್ಟಿವೆ. ಹನ್ನೊಂದನೇ ಅಧ್ಯಾಯದಲ್ಲಿ ಅದೇ ರೋಜರ್ ಬಂಡೆ ಉರುಳಿಸಿದಾಗ ಪಿಗ್ಗಿ ಸಾಯುತ್ತಾನೆ, ಶಂಖ ಚೂರುಚೂರಾಗುತ್ತದೆ.

ಈ ಎರಡರ ನಡುವೆ ನಿಂತಿರುವುದೇ ನೀವು ಬೇಡವೆನ್ನುವ ಅಧ್ಯಾಯ. ಎಲ್ಲರನ್ನೂ ನಡುಗಿಸಿದ್ದ ‘ಮೃಗ’ ನಿಜಕ್ಕೂ ಸತ್ತ ಪ್ಯಾರಾಚೂಟ್ ಸೈನಿಕನ ದೇಹವೆಂದು ಕಂಡುಕೊಂಡ ಸೈಮನ್ ಅದನ್ನು ಹೇಳಲು ಬೆಟ್ಟ ಇಳಿದು ಬರುತ್ತಾನೆ. ಬಿರುಗಾಳಿಯ ಕತ್ತಲಲ್ಲಿ ಕುಣಿಯುತ್ತಿದ್ದ ಹುಡುಗರು ಅವನನ್ನೇ ಮೃಗವೆಂದು ತಿಳಿದು ಕೊಲ್ಲುತ್ತಾರೆ. ಆ ಕುಣಿತದ ಗುಂಪಿಗೆ ರಾಲ್ಫ್ ಮತ್ತು ಪಿಗ್ಗಿಯೂ ಸೇರಿಕೊಂಡಿದ್ದರು. ಮರುದಿನ ರಾಲ್ಫ್ ಅದನ್ನು ಕೊಲೆಯೆಂದೇ ಕರೆಯುತ್ತಾನೆ. ಪಿಗ್ಗಿ ಆಕಸ್ಮಿಕವೆಂದು ವಾದಿಸುತ್ತಾನೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅತ್ಯಂತ ಕಠಿಣವಾದ ಸಂಭಾಷಣೆ ಅದು. ಒಂಬತ್ತನೇ ಅಧ್ಯಾಯವನ್ನು ಕತ್ತರಿಸಿದರೆ ರಾಲ್ಫ್ ಒಳ್ಳೆಯವನಾಗಿಯೂ ಜ್ಯಾಕ್ ಕೆಟ್ಟವನಾಗಿಯೂ ಉಳಿಯುತ್ತಾರೆ, ಕೆಟ್ಟ ನಾಯಕನೊಬ್ಬನನ್ನು ದೂರವಿಟ್ಟರೆ ಎಲ್ಲವೂ ಸರಿಹೋಗುತ್ತದೆಂದು ಮಕ್ಕಳು ತಿಳಿಯುತ್ತಾರೆ. ಭಯಗೊಂಡ ಗುಂಪಿನಲ್ಲಿ ನಿಂತಾಗ ಒಳ್ಳೆಯ ನಾಯಕನ ಕೈಯೂ ಮೇಲೇಳಬಹುದೆಂಬ ಪಾಠ ಅವರಿಗೆ ಸಿಗುವುದೇ ಇಲ್ಲ.

ನಿಮ್ಮ ಮಕ್ಕಳು ಹೀಗಿದ್ದಾರೆಂದು ನಾವು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಭಾವಿಸಬೇಡಿ. ಮನುಷ್ಯನ ಬಗ್ಗೆ ಗೋಲ್ಡಿಂಗ್ ತಳೆದ ನಿಲುವನ್ನು ಮಕ್ಕಳು ಒಪ್ಪಲೇಬೇಕೆಂದೂ ಇಲ್ಲ. ಒಪ್ಪದೆ, ಕಾದಂಬರಿಯಿಂದಲೇ ಆಧಾರ ಕೊಟ್ಟು ವಾದಿಸಿದವರಿಗೂ ಅಷ್ಟೇ ಅಂಕ ದೊರೆಯುತ್ತದೆ. ಈ ಅಧ್ಯಾಯವನ್ನು ಮನೆಪಾಠವಾಗಿ ಕೊಡುವುದಿಲ್ಲ, ಶಿಕ್ಷಕರೇ ತರಗತಿಯಲ್ಲಿ ಓದಿಸಿ ಅಂದೇ ಚರ್ಚೆ ನಡೆಸುತ್ತಾರೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ, ಅಥವಾ ಬೇರೆ ಕಾರಣದಿಂದ ಇದನ್ನು ತಾಳಲಾರದ ಮಗುವಿದ್ದರೆ ಮೊದಲೇ ನನಗೆ ತಿಳಿಸಿ. ಆ ಮಗುವನ್ನು ಒತ್ತಾಯಿಸುವುದಿಲ್ಲ. ಆದರೆ ಇಡೀ ತರಗತಿಗೆ ಅಧ್ಯಾಯವನ್ನು ಬಿಡುವ ಕೋರಿಕೆಗೆ ನನ್ನ ಉತ್ತರ ಬದಲಾಗದು.

ಪಾಠ ಮುಗಿದ ದಿನ ಸಂಜೆ ನಿಮ್ಮ ಮಗು ಈ ಬಗ್ಗೆ ಮಾತೆತ್ತಿದರೆ, ಪೂರ್ತಿ ಕೇಳಿಸಿಕೊಳ್ಳಿ.

ಇನ್ನೂ ಅಸಮಾಧಾನವಿದ್ದವರು ಆ ದಿನ ತರಗತಿಯಲ್ಲೇ ಕುಳಿತು ಪಾಠ ಕೇಳಬಹುದು. ಹಿಂದಿನ ದಿನ ಕಚೇರಿಗೆ ತಿಳಿಸಿದರೆ ಸಾಕು.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯರು