ಎತ್ತರದ ಗಾಳಿಯಂತ್ರಗಳಿಗೆ ಅನುಮತಿ ನೀಡುವ ಮುನ್ನ ರಾಡಾರ್ ಪರಿಶೀಲನೆ ನಡೆಯಲಿ

ಮಾನ್ಯ ಸಂಪಾದಕರೇ,

ಹಳೆಯ ಗಾಳಿಯಂತ್ರಗಳನ್ನು ಕಳಚಿ, ಅವುಗಳ ಜಾಗದಲ್ಲಿ ಹೆಚ್ಚು ಸಾಮರ್ಥ್ಯದ ಎತ್ತರದ ಯಂತ್ರಗಳನ್ನು ಹಾಕುವುದನ್ನು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ನೀತಿ ಉತ್ತೇಜಿಸುತ್ತದೆ. ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ಬಹುಕಾಲದಿಂದ ಗಾಳಿಯಂತ್ರಗಳಿರುವ ಚಿತ್ರದುರ್ಗಕ್ಕೆ ಇದು ಹತ್ತಿರದ ವಿಷಯ. ಪವನ ವಿದ್ಯುತ್ ನಮಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಯಂತ್ರಗಳು ರಾಡಾರ್‌ಗಳಿಗೆ ಒಡ್ಡುವ ಅಡಚಣೆಯ ಬಗ್ಗೆ ಜಿಲ್ಲೆಯಲ್ಲಿ ಸಾರ್ವಜನಿಕ ಚರ್ಚೆಯೇ ನಡೆದಂತಿಲ್ಲ.

ರಾಡಾರ್ ತಾನು ಕಳುಹಿಸಿದ ರೇಡಿಯೊ ಅಲೆ ಯಾವುದಕ್ಕೆ ತಾಗಿ ಮರಳಿತು, ಅದು ಚಲಿಸುತ್ತಿದೆಯೇ ಎಂಬುದನ್ನು ಅಳೆಯುತ್ತದೆ. ಗುಡ್ಡ, ಕಟ್ಟಡ, ಗೋಪುರಗಳು ಅಲುಗಾಡುವುದಿಲ್ಲವಾದ್ದರಿಂದ ಅವುಗಳಿಂದ ಬಂದ ಸಂಕೇತವನ್ನು ಗಣಕಯಂತ್ರ ಸುಲಭವಾಗಿ ಸೋಸಿ ತೆಗೆಯುತ್ತದೆ. ಗಾಳಿಯಂತ್ರದ ರೆಕ್ಕೆ ಮಾತ್ರ ಈ ಜರಡಿಗೆ ಸಿಗುವುದಿಲ್ಲ. ಅದರ ತುದಿ ಗಂಟೆಗೆ 250ರಿಂದ 300 ಕಿ.ಮೀ. ವೇಗದಲ್ಲಿ, ಅಂದರೆ ಸಣ್ಣ ವಿಮಾನವೊಂದರ ವೇಗದಲ್ಲಿ ತಿರುಗುತ್ತದೆ. ಒಂದು ರೆಕ್ಕೆ ರಾಡಾರ್‌ನತ್ತ ಬರುತ್ತಿರುವಾಗಲೇ ಇನ್ನೊಂದು ದೂರ ಸರಿಯುತ್ತಿರುತ್ತದೆ. ಹೀಗಾಗಿ ವಿಮಾನಗಳನ್ನು ಗಮನಿಸುವ ರಾಡಾರ್‌ನ ಪರದೆಯಲ್ಲಿ ಇಲ್ಲದ ವಿಮಾನ ಕಾಣಿಸಿಕೊಳ್ಳಬಹುದು, ಇರುವ ವಿಮಾನ ಯಂತ್ರಗಳ ಮೇಲೆ ಹಾರುವಾಗ ಕಣ್ಮರೆಯಾಗಬಹುದು. ಹವಾಮಾನದ ಡಾಪ್ಲರ್ ರಾಡಾರ್‌ಗೆ ಅದೇ ಯಂತ್ರಸಮೂಹ ಜಾಗ ಬಿಟ್ಟು ಕದಲದ ಮಳೆಮೋಡದಂತೆ ತೋರುತ್ತದೆ. ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಚಳ್ಳಕೆರೆ ಸೀಮೆಯ ರೈತರಿಗೆ ಇಂತಹ ತಪ್ಪು ಅಂದಾಜು ಸಣ್ಣ ವಿಷಯವಲ್ಲ.

ಎತ್ತರ ಹೆಚ್ಚಿದಂತೆ ಈ ಅಡಚಣೆಯ ವ್ಯಾಪ್ತಿಯೂ ಹಿಗ್ಗುತ್ತದೆ. ಭೂಮಿಯ ಬಾಗನ್ನು ಲೆಕ್ಕಕ್ಕೆ ಹಿಡಿದರೆ, ಸಮತಟ್ಟಾದ ಬಯಲಿನಲ್ಲಿ 50 ಮೀಟರ್ ಎತ್ತರದ ರೆಕ್ಕೆಯ ತುದಿ ನೆಲಮಟ್ಟದ ರಾಡಾರ್‌ಗೆ ಸುಮಾರು 29 ಕಿ.ಮೀ. ದೂರದವರೆಗೆ ಕಾಣುತ್ತದೆ, ತುದಿ 200 ಮೀಟರ್‌ಗೆ ಏರಿದರೆ ಆ ದೂರ 58 ಕಿ.ಮೀ. ಆಗುತ್ತದೆ. ಗುಡ್ಡದ ನೆತ್ತಿಯ ಮೇಲೆ ನಿಂತ ಯಂತ್ರ ಇನ್ನೂ ದೂರಕ್ಕೆ ಕಾಣುತ್ತದೆ. ಹವಾಮಾನ ರಾಡಾರ್‌ನಿಂದ 5 ಕಿ.ಮೀ. ಒಳಗೆ ಗಾಳಿಯಂತ್ರವಿದ್ದರೆ ಮರಳಿ ಪಡೆಯಲಾಗದಷ್ಟು ಮಾಹಿತಿ ನಷ್ಟವಾಗಬಹುದೆಂದು ವಿಶ್ವ ಹವಾಮಾನ ಸಂಸ್ಥೆಯ ಮಾರ್ಗಸೂಚಿ ಎಚ್ಚರಿಸುತ್ತದೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಮಾನವರಹಿತ ವಿಮಾನಗಳ ಹಾರಾಟ ಅಲ್ಲಿ ನಡೆಯುತ್ತದೆ. ಇಸ್ರೊದ ಮರುಬಳಕೆ ಉಡಾವಣಾ ವಾಹನ 2023 ಮತ್ತು 2024ರಲ್ಲಿ ಇಳಿದದ್ದೂ ಅಲ್ಲಿಯೇ. ಇಂತಹ ಕೇಂದ್ರವಿರುವ ಜಿಲ್ಲೆಯಲ್ಲಿ ಯಂತ್ರದ ಎತ್ತರವೊಂದನ್ನೇ ನೋಡಿ ನಿರಾಕ್ಷೇಪಣಾ ಪತ್ರ ಕೊಡುವುದು ಸಾಲದು. ಯೋಜನೆಯ ಎಲ್ಲ ಯಂತ್ರಗಳೂ ಸೇರಿ ರಾಡಾರ್‌ನ ಮೇಲೆ ಬೀರುವ ಪರಿಣಾಮವನ್ನು ಒಟ್ಟಾಗಿ ಲೆಕ್ಕ ಹಾಕಬೇಕು.

ಪರಿಹಾರಗಳು ಇಲ್ಲದಿಲ್ಲ. ರಾಡಾರ್‌ಗೆ ಮರೆಯಾಗುವ ಇಳಿಜಾರನ್ನು ಆರಿಸಬಹುದು, ಯಂತ್ರಗಳನ್ನು ರಾಡಾರ್‌ನ ನೋಟದ ಗೆರೆಯಲ್ಲೇ ಒಂದರ ಹಿಂದೊಂದು ಸಾಲಾಗಿ ಹಾಕಬಹುದು, ಬೇಕಾದಲ್ಲಿ ಪೂರಕ ರಾಡಾರ್ ಅಳವಡಿಸಬಹುದು. ಮೊದಲೆರಡು ಕ್ರಮಗಳು ಅಡಿಪಾಯ ತೋಡುವ ಮುನ್ನವಷ್ಟೇ ಸಾಧ್ಯ. ಆದ್ದರಿಂದ ಜಿಲ್ಲಾಡಳಿತವು ಅರ್ಜಿಯ ಹಂತದಲ್ಲಿಯೇ ಕಂಪನಿಗಳಿಂದ ರಾಡಾರ್ ಅಧ್ಯಯನದ ವರದಿ ಕೇಳಬೇಕು. ರಕ್ಷಣೆಗೆ ಸಂಬಂಧಿಸಿದ ಗೋಪ್ಯ ವಿವರಗಳನ್ನು ಬಿಟ್ಟು ಅದರ ಸಾರಾಂಶವನ್ನು ಕನ್ನಡದಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳಲ್ಲಿ ಪ್ರಕಟಿಸಬೇಕೆಂದು ಒತ್ತಾಯಿಸುತ್ತೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ